ನೀರಿನ ಮೇಲೆ ನಿಲ್ಲಲು ಹೋದದ್ದು

ನೀರಿನ ಮೇಲೆ ನಿಲ್ಲುವುದು ಕಷ್ಟವೆಂದು ನನಗೆ ಅನ್ನಿಸಿರಲೇ ಇಲ್ಲ. ಕಾಟನ್‌ಪೇಟೆಯ ಜವಳಿ ಅಂಗಡಿಯಲ್ಲಿ ದಿನವಿಡೀ ನಿಂತೇ ವ್ಯಾಪಾರ ಮಾಡುವವನು ನಾನು. ನಿಲ್ಲುವ ವಿಷಯದಲ್ಲಿ ನನಗೆ ಪಾಠವೇ?

ಬೊಂಬಾಯಿಯಲ್ಲಿ ದೋಣಿ ಕಾರ್ಖಾನೆ ಸೇರಿದ್ದ ನನ್ನ ಹೆಂಡತಿ ಗಿರಿಜೆಯ ತಮ್ಮ ಮಹದೇವ ರಜಕ್ಕೆ ಚಾಮರಾಜಪೇಟೆಯ ನಮ್ಮ ಮನೆಗೆ ಬಂದಾಗ ‘ವಾಟರ್ ಸ್ಕೀಯಿಂಗ್’ ಸಾಮಾನನ್ನೂ ತಂದಿದ್ದ. ಆಳುದ್ದದ ಎರಡು ಹಲಗೆ, ಅವುಗಳ ಮೇಲೆ ಕಾಲು ತೂರಿಸಲು ರಬ್ಬರ್ ಪಟ್ಟಿ, ಮರದ ಹಿಡಿ ಕಟ್ಟಿದ ಹಗ್ಗ, ಮುಳುಗದಿರಲು ಬೆಂಡು ತುಂಬಿದ ಅಂಗಿ.

“ಮೋಟಾರ್ ದೋಣಿ ಎಳೆಯುತ್ತೆ ಭಾವ, ಹಿಂದೆ ನೀವು ಜಾರ್ತಾ ಬರೋದು.”

“ನಿಮಗೆ ಈಜೇ ಬರಲ್ವಲ್ರೀ!” ಎಂದಳು ಗಿರಿಜೆ.

“ಈಜು ನೀರೊಳಗೆ ಇರೋರಿಗೆ ಕಣೇ. ನಾನು ಮೇಲಿರ್ತೀನಿ!”

ಹಜಾರದಲ್ಲೇ ಹಲಗೆ ತೊಟ್ಟು ಅಭ್ಯಾಸ ಮಾಡಿದೆ. ಹೋಗುವುದೇನೋ ಹೋದೆ, ತಿರುಗಲಾಗಲಿಲ್ಲ. ಅಡುಗೆಮನೆ ಬಾಗಿಲಲ್ಲಿ ಸಿಕ್ಕಿಕೊಂಡವನನ್ನು ಗಿರಿಜೆ ಹಿಂದಕ್ಕೆಳೆದಳು.

ಭಾನುವಾರ ಊರಾಚೆಯ ಕೆರೆಗೆ ಹೋದೆವು. ಯಾರದೋ ದೋಣಿಯನ್ನು ಮಹದೇವ ಕೇಳಿ ತಂದಿದ್ದ. ಹಲಗೆ, ಬೆಂಡಿನ ಅಂಗಿ ತೊಡಿಸಿ ನನ್ನನ್ನು ನೀರಿಗಿಳಿಸಿ ಉಪದೇಶ ಆರಂಭಿಸಿದ.

“ಮಂಡಿ ಎದೆಗೆ ಒತ್ಕೊಳ್ಳಿ. ಕೈ ನೆಟ್ಟಗಿರಲಿ. ನೀವಾಗೇ ಏಳ್ಬೇಡಿ, ದೋಣಿ ಎಬ್ಬಿಸುತ್ತೆ. ಹೆಬ್ಬೆರಳು ಮೇಲೆತ್ತಿದ್ರೆ ಜೋರು, ಕೆಳಗೆ ತೋರಿಸಿದ್ರೆ ನಿಧಾನ. ಬಿದ್ರೆ ಹಗ್ಗ ಬಿಟ್ಬಿಡಿ.”

ಬಿಡಿಬಿಡಿಯಾಗಿ ಎಲ್ಲವೂ ಅರ್ಥವಾಯಿತು. ಒಟ್ಟಾಗಿ ಏನೂ ಆಗಲಿಲ್ಲ.

ಮಹದೇವ ಹತ್ತಿ ಕುಳಿತ, ದೋಣಿ ಹೊರಟಿತು. ನಾನು ನಾನಾಗೇ ಎದ್ದೆ! ಒಂದು ಹಲಗೆ ಬಲಕ್ಕೆ ಹೋಯಿತು, ಇನ್ನೊಂದು ಎಡಕ್ಕೆ. ನಾನು ಮುಖ ಮುಂದಾಗಿ ನೇರ ಕೆರೆಯೊಳಕ್ಕೆ!

“ಹಗ್ಗ ಬಿಡ್ರೀ!” ದಡದಿಂದ ಗಿರಿಜೆ ಕೂಗಿದಳು.

ಬಿಡುವುದೇ? ಈಜು ಬಾರದವನಿಗೆ ಆ ಕೆರೆಯಲ್ಲಿ ಗಟ್ಟಿಯಾಗಿದ್ದ ಏಕಮಾತ್ರ ವಸ್ತು ಅದು! ಒಂದು ಕೈಯಲ್ಲಿ ಹಗ್ಗ ಹಿಡಿದು, ‘ನನ್ನನ್ನು ಮೇಲಕ್ಕೆತ್ತಿ’ ಎನ್ನಲು ಇನ್ನೊಂದು ಕೈಯ ಹೆಬ್ಬೆರಳು ಮೇಲೆತ್ತಿದೆ. ಹಿಂದಿರುಗಿ ನೋಡಿದ ಮಹದೇವನಿಗೆ ನೊರೆಯ ನಡುವೆ ಕಂಡದ್ದು ಬೆರಳು ಮಾತ್ರ.

“ಶಭಾಷ್ ಭಾವ!” ಎಂದವನೇ ವೇಗ ಹೆಚ್ಚಿಸಿದ.

ಅರ್ಧ ಕೆರೆ ಕುಡಿದಿರಬೇಕು. ಯಾವುದು ಆಕಾಶ, ಯಾವುದು ನೀರು ತಿಳಿಯದು. ಕೊನೆಗೆ ದಾರಿ ಕಾಣದೆ ಎರಡೂ ಕೈ ಜೋಡಿಸಿ ಮಹದೇವನಿಗೆ ನಮಸ್ಕಾರ ಮಾಡಿದೆ. ಹಗ್ಗ ತಾನಾಗಿ ಹೋಯಿತು!

“ಮುಳುಗಿದೆನಲ್ಲಪ್ಪೋ!” ಎಂದು ಅರಚುತ್ತಿದ್ದಾಗ ಗಿರಿಜೆ ಸೆರಗು ಸಿಕ್ಕಿಸಿಕೊಂಡು ನಡೆದೇ ಬಂದು ನನ್ನ ರಟ್ಟೆ ಹಿಡಿದಳು. ದೋಣಿ ಸುತ್ತು ಹಾಕಿ ನನ್ನನ್ನು ದಡದ ಬಳಿಗೇ ತಂದಿತ್ತು; ನೀರು ಅವಳ ಮೊಣಕಾಲಿಗಿತ್ತು.

ದಡದಲ್ಲಿ ಎಮ್ಮೆ ತೊಳೆಯುತ್ತಿದ್ದ ಮುದುಕನೊಬ್ಬ ಭಕ್ತಿಯಿಂದ ಕೇಳಿದ: “ನೆಲದ ಮೇಲೆ ಉರುಳುಸೇವೆ ನೋಡಿದ್ದೆ ಸ್ವಾಮಿ, ನೀರಲ್ಲಿ ಇದೇ ಮೊದಲು. ಯಾವ ದೇವರ ಹರಕೆ?”

ಮರ್ಯಾದೆಯಾದರೂ ಉಳಿಯಲೆಂದು, “ಮನೆದೇವರದು” ಎಂದೆ.

“ವರ್ಷಾವರ್ಷಾ ಮಾಡ್ತೀರಾ?”

“ಇಲ್ಲಪ್ಪಾ” ಎಂದಳು ಗಿರಿಜೆ, ನನ್ನ ತಲೆಯಿಂದ ಪಾಚಿ ತೆಗೆಯುತ್ತ. “ಒಂದೇ ಸಲಕ್ಕೆ ದೇವರಿಗೂ ಸಾಕಾಗಿದೆ.”