ಖಾಯಂ ಹುದ್ದೆಗೊಂದು ಟಚ್‌ಡೌನ್

ಶುಕ್ರವಾರ ಸಂಜೆ ಮೀನಿನವಳ ಬುಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ ಜಯಲತಾ ಬಾಯಿಬಿಟ್ಟದ್ದು ಒಂದೇ ಒಂದು ಮಾತು. "ಈ ಭಾನುವಾರ ಇವರ ಹುಡುಗರು ಗೆದ್ದರೆ ಇವರು ಖಾಯಂ ಆಗ್ತಾರಂತೆ ಅಕ್ಕ." ಎದುರು ಮನೆಯ ವಸಂತಿ ಅಕ್ಕ ಬಂಗುಡೆಯ ಕಿವಿರು ಎತ್ತಿ ನೋಡುತ್ತಿದ್ದರು. ಬಂಗುಡೆಯನ್ನು ಅಲ್ಲೇ ಬಿಟ್ಟು ಎದ್ದುಹೋದರು. ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಅವಳ ಗಂಡ ಲೀಲಾಧರ ಸೀಟಿ, ಚೀಲ ಹಿಡಿದು ಕೆಳಗಿಳಿದರೆ ಡೊಂಬಿವಲಿಯ ಆ ನಾಲ್ಕು ಮಾಳಿಗೆಯ ಕಟ್ಟಡದ ಅರ್ಧ ಜನ ಇಸ್ತ್ರಿ ಬಟ್ಟೆ ಹಾಕಿಕೊಂಡು ಗೇಟಿನಲ್ಲಿ ನಿಂತಿದ್ದರು.

"ನೀವೆಲ್ಲ ಎಲ್ಲಿಗೆ?"

"ನಿಮ್ಮ ಮ್ಯಾಚಿಗೆ ಮಾರಾಯ್ರೆ! ಇಂಥ ಹೊತ್ತಿಗೆ ನಾವಲ್ಲದೆ ಮತ್ತೆ ಯಾರು ಬರುವುದು?" ಎಂದರು ವಸಂತಿ ಅಕ್ಕ. ಅವರ ಕಂಕುಳಲ್ಲಿ ಪೇಡೆಯ ಡಬ್ಬಿಯಿತ್ತು. ಗೆಲ್ಲುವ ಮೊದಲೇ ತಂದ ಪೇಡೆ.

ಕೆಳಗಿನ ಮಾಳಿಗೆಯ ಶಂಭು ಕಾಕಾ ಹುಬ್ಬಳ್ಳಿ ಕಡೆಯವರು. ಮೂವತ್ತೆರಡು ವರ್ಷ ಡೊಂಬಿವಲಿಯಿಂದ ಮುಂಬಯಿಯ ವಿ.ಟಿ.ಗೆ ಲೋಕಲ್ ರೈಲಿನಲ್ಲಿ ಹೋಗಿ ಬಂದು ನಿವೃತ್ತರಾದವರು. "ಹೆದರಬ್ಯಾಡ್ರಿ ಲೀಲಾಧರ, ನಾವು ಅದೀವಿ" ಎಂದರು. ಲೀಲಾಧರನಿಗೆ ಹೆದರಿಕೆ ಶುರುವಾದದ್ದೇ ಆಗ.

ಹೆದರುವವನ ಕತೆಯನ್ನು ಸ್ವಲ್ಪ ಕೇಳಿ. ನವಿ ಮುಂಬಯಿಯಲ್ಲಿ ಕನ್ನಡಿಗರದೇ ಟ್ರಸ್ಟು ನಡೆಸುವ ಕಾಲೇಜಿನಲ್ಲಿ ಅವನು ಒಂಬತ್ತು ವರ್ಷದಿಂದ ಆಟದ ಮೇಷ್ಟ್ರು. ಒಂಬತ್ತು ವರ್ಷವೂ ತಾತ್ಕಾಲಿಕ. ಜೂನ್‌ನಲ್ಲಿ ಹನ್ನೊಂದು ತಿಂಗಳ ಆರ್ಡರು, ಮೇ ತಿಂಗಳಲ್ಲಿ ಮನೆ. ಜೂನ್‌ನಲ್ಲಿ ಆರ್ಡರು ಬರುತ್ತದೋ ಇಲ್ಲವೋ ಎಂದು ಮೇ ಇಡೀ ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡದೆ ಊಟ ಮಾಡುತ್ತಿದ್ದರು. ಅವನ ಆಟ ಕಬಡ್ಡಿ. ಆದರೆ 2012ರಲ್ಲಿ ಟ್ರಸ್ಟಿಯೊಬ್ಬರು ಅಮೆರಿಕ ಪ್ರವಾಸ ಮುಗಿಸಿ ಬರುವಾಗ ಮೂಗಿಗೆ ಕಂಬಿಯಿದ್ದ ಹದಿನೆಂಟು ಹೆಲ್ಮೆಟ್ಟು, ಮೊಟ್ಟೆಯಾಕಾರದ ಎರಡು ಚೆಂಡು, ಒಂದು ಪುಸ್ತಕ ತಂದರು. ಕಾಲೇಜಿಗೆ ಅಮೆರಿಕನ್ ಫುಟ್‌ಬಾಲ್ ತಂಡ ಬೇಕೆಂದರು. ಯಾರಿಗೆ ಬೇಕಿತ್ತು ಈ ಆಟ, ನೀವೇ ಹೇಳಿ! ತಾತ್ಕಾಲಿಕದವನು ಬೇಡ ಎನ್ನುವ ಹಾಗಿಲ್ಲ. ಲೀಲಾಧರ ಪುಸ್ತಕ ಓದಿ ಕೋಚ್ ಆದ.

ಸುತ್ತಿನ ನಾಲ್ಕಾರು ಕಾಲೇಜುಗಳಿಗೂ ಆ ವರ್ಷ ಇದೇ ಹುಚ್ಚು ಹಿಡಿದಿತ್ತು. ಒಟ್ಟು ಏಳು ಪಂದ್ಯದ ಸೀಸನ್ನು. ಮೊದಲನೆಯದನ್ನು 48-0 ಅಂತರದಲ್ಲಿ ಸೋತರು. ಎರಡನೆಯದು 41-0. ಮೂರನೆಯದರಲ್ಲಿ ಎದುರಾಳಿಗಳು ಪಾಪವೆಂದು ಅರ್ಧಕ್ಕೇ ನಿಲ್ಲಿಸಿದರು. ಆರು ಪಂದ್ಯ ಮುಗಿದರೂ ಲೀಲಾಧರನ ಹುಡುಗರ ಖಾತೆಯಲ್ಲಿ ಒಂದು ಅಂಕವೂ ಇರಲಿಲ್ಲ. ಆಗ ಪ್ರಿನ್ಸಿಪಾಲ್ ಜಾನಕಿ ಮೇಡಂ ಕರೆದು, "ಲೀಲಾಧರ್, ಒಂದೇ ಒಂದು ಗೆದ್ದು ತೋರಿಸ್ರೀ. ಖಾಯಂ ಮಾಡಿ ಅಂತ ಟ್ರಸ್ಟಿಗೆ ನಾನೇ ಹೇಳ್ತೀನಿ" ಎಂದರು. ಉಳಿದಿದ್ದದ್ದು ಒಂದೇ ಪಂದ್ಯ, ಅದೂ ಒಮ್ಮೆಯೂ ಸೋಲದ ಕಲ್ಯಾಣದ ಕಾಲೇಜಿನ ಮೇಲೆ.

ಹಳಿ ರಿಪೇರಿಗೆಂದು ಲೋಕಲ್ ನಿಲ್ಲಿಸುವ ಭಾನುವಾರದ ಮೆಗಾಬ್ಲಾಕಿಗೆ ಹೆದರಿ ಎಲ್ಲರೂ ಶಿಲ್ ಫಾಟಾ ಮೇಲೆ ಹೋಗುವ ಬಸ್ಸು ಹಿಡಿದು ಮಹಾಪೆಯ ಮೈದಾನಕ್ಕೆ ಬಂದರು. ಕಲ್ಯಾಣದ ಕೋಚ್ ಆಗಲೇ ಸುಣ್ಣದ ಗೆರೆ ಅಳೆಯುತ್ತಿದ್ದ. ಸುಮುಖ ಎಂದು ಹೆಸರು, ಬೆಂಗಳೂರಿನವನು. ಮೂರು ವರ್ಷ ಇದೇ ಆಟ ಆಡಿ ಸರ್ಟಿಫಿಕೇಟು ಪಡೆದ ಮೂವತ್ತರ ಹುಡುಗ. ಕನ್ನಡ ಕಿವಿಗೆ ಬಿದ್ದದ್ದೇ ಓಡಿಬಂದು ಕೈಕುಲುಕಿದ.

"ಬೇಜಾರ್ ಮಾಡ್ಕೋಬೇಡಿ ಸಾರ್, ನಾನೂ ಕಾಂಟ್ರ್ಯಾಕ್ಟು. ನಿಮ್ಮ ಟೀಮ್ ಮುಂದೆ ಸೋತ್ರೆ ನಾಳೆಯಿಂದ ಬರ್ಲೇಬೇಡ ಅಂದಿದಾರೆ. ನಗ್ತಾನೇ ಹೇಳಿದ್ರು ಬಿಡಿ."

ಲೀಲಾಧರನೂ ನಕ್ಕ. ಸೋಲುವ ಭಯ ಆ ಹುಡುಗನಿಗೆ ಏಕೆ?

ಆಟ ಶುರುವಾಯಿತು. ಚೆಂಡು ಹಿಡಿದು ಎದುರಾಳಿಯ ಕೊನೆಯ ಗೆರೆ ದಾಟಿದರೆ ಟಚ್‌ಡೌನ್, ಆರು ಅಂಕ. ತಪ್ಪು ಮಾಡಿದರೆ ರೆಫರಿ ಕಿಸೆಯಿಂದ ಹಳದಿ ಬಟ್ಟೆ ತೆಗೆದು ನೆಲಕ್ಕೆಸೆಯುತ್ತಾನೆ. ಲೀಲಾಧರನ ಹುಡುಗರಿಗೆ ಪುಸ್ತಕದಲ್ಲಿ ಸರಿಯಾಗಿ ಅರ್ಥವಾದದ್ದು ಇಷ್ಟೇ. ಅಂದು ಅವರ ಅದೃಷ್ಟವೋ, ಕಲ್ಯಾಣದವರ ಉದಾಸೀನವೋ, ಅರ್ಧ ಆಟ ಮುಗಿದರೂ 0-0. ವಸಂತಿ ಅಕ್ಕ ಎರಡು ಸಲ ಪೇಡೆಯ ಡಬ್ಬಿಯ ದಾರ ಬಿಚ್ಚಿ ಮತ್ತೆ ಕಟ್ಟಿದರು.

ಮೂರನೆಯ ಭಾಗದಲ್ಲಿ ಲೀಲಾಧರನ ತಂಡದ, ದಿವಾ ಸ್ಟೇಷನ್ ಕಡೆಯ ಕೀರ್ತನ್‌ಗೆ ಚೆಂಡು ಸಿಕ್ಕಿತು. ಸಣಕಲು ಹುಡುಗ. ಕನ್ನಡ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಚೆಂಡನ್ನು ಅಪ್ಪಿಕೊಂಡು ಓಡಿದ. ಅವನ ಮುಂದೆ ಯಾರೂ ಇರಲಿಲ್ಲ. ಲೀಲಾಧರ ಒಂಬತ್ತು ವರ್ಷ ಕಾದದ್ದು ಓಡುತ್ತಿತ್ತು.

ಸರಿಯಾಗಿ ಅದೇ ಹೊತ್ತಿಗೆ ಬಿಸಿಲು ತಿರುಗಿತು. ಮೈದಾನದ ಮೂಲೆಯ ಮರದ ಕೆಳಗೆ ಕಲ್ಲುಬೆಂಚೊಂದಕ್ಕೆ ನೆರಳು ಬಂತು. ಜನ ಅತ್ತ ನುಗ್ಗಿದರು. ಶಂಭು ಕಾಕಾನ ಕೈ ಯೋಚಿಸಲಿಲ್ಲ. ಮೂವತ್ತೆರಡು ವರ್ಷ ಓಡುವ ಲೋಕಲಿನ ಕಿಟಕಿಯಿಂದ ಸೀಟು ಹಿಡಿಯಲು ಕರ್ಚೀಫು ಎಸೆದ ಕೈ ಅದು. ಕಿಸೆಯಿಂದ ಕರ್ಚೀಫು ತೆಗೆದು ಬೆಂಚಿಗೆಸೆಯಿತು. ಗಾಳಿ ಅದನ್ನು ಬೆಂಚಿನಿಂದೆತ್ತಿ ಗೆರೆಯ ಒಳಗೆ ತಂದು ಹಾಕಿತು. ಕರ್ಚೀಫಿನ ಬಣ್ಣ ಅಚ್ಚ ಹಳದಿ.

ಕೀರ್ತನ್ ಗೆರೆ ದಾಟಿ ಕುಣಿಯುತ್ತಿದ್ದಾಗ ಸೀಟಿ ಕೇಳಿಸಿತು. ನಾಲ್ಕು ಜನ ರೆಫರಿಗಳು ಆ ಬಟ್ಟೆಯ ಸುತ್ತ ನಿಂತರು. ಎಸೆದವರು ಯಾರು? ನಾನಲ್ಲ ಎಂದರೆ ತಪ್ಪನ್ನು ನೋಡಲಿಲ್ಲ ಎಂದಂತಾಗುತ್ತದೆ. ಬಟ್ಟೆ ಬಿದ್ದ ಮೇಲೆ ತಪ್ಪು ಆಗಿಯೇ ಇರಬೇಕಲ್ಲ! ಒಬ್ಬ ಮೆಲ್ಲಗೆ, "ಆರನೇ ನಂಬರಿನವನು ಅಂಗಿ ಎಳೆದ" ಎಂದ. ಉಳಿದ ಮೂವರೂ ಒಟ್ಟಿಗೆ ಹೌದು ಹೌದು ಎಂದರು. ಟಚ್‌ಡೌನ್ ರದ್ದಾಯಿತು.

"ಏ, ಅದು ನಂದ್ರೀ! ನನ್ನ ಕರ್ಚೀಫ್ ಕೊಡ್ರಿ!" ಎನ್ನುತ್ತ ಕಾಕಾ ಒಳಗೆ ಓಡಿದರು. ರೆಫರಿಗೆ ಕನ್ನಡ ಬಾರದು. ಪ್ರೇಕ್ಷಕರ ಗಲಾಟೆ ಎಂದು ಇನ್ನೊಂದು ಹಳದಿ ಬಟ್ಟೆ ಎಸೆದು ತಂಡವನ್ನು ಮತ್ತೂ ಹದಿನೈದು ಗಜ ಹಿಂದಕ್ಕೆ ಕಳಿಸಿದ.

ಲೀಲಾಧರ ಸೌಮ್ಯ ಮನುಷ್ಯ. ಕಾಕಾನನ್ನು ಕೈಹಿಡಿದು ಹೊರಗೆ ಕೂರಿಸಿದ. ಕಾಕಾ ತಲೆ ತಗ್ಗಿಸಿ, "ತಪ್ಪಾತಪ್ಪಾ" ಎಂದರು. ಜಯಲತಾ ಸೆರಗಿನಿಂದ ಮುಖ ಒರೆಸಿಕೊಂಡಳು. ಅದು ಬೆವರಲ್ಲ ಎಂದು ಅವನಿಗೆ ಗೊತ್ತಾಯಿತು.

ಹುಡುಗರು ಮತ್ತೆ ಹೇಗೋ ದಬ್ಬಿಕೊಂಡು ಗೆರೆಯ ಮೂರು ಗಜ ಹತ್ತಿರ ಬರುವಷ್ಟರಲ್ಲಿ ಕೊನೆಯ ಭಾಗದಲ್ಲಿ ಉಳಿದದ್ದು ಒಂದೇ ನಿಮಿಷ. ಲೀಲಾಧರ ಅವರನ್ನು ಸುತ್ತ ಕರೆದ. ಪುಸ್ತಕವನ್ನು ಹುಲ್ಲಿಗೆ ಬಿಸಾಡಿದ.

"ಕೀರ್ತನ್, ಬೆಳಿಗ್ಗೆ ಎಂಟೂ ಆರರ ಲೋಕಲ್ ದಿವಾಕ್ಕೆ ತುಂಬಿಯೇ ಬರ್ತದಲ್ಲ, ನೀನು ಹೇಗೆ ಹತ್ತುವುದು?"

"ಸರ್, ಮೈ ಆಡಾ ಘುಸ್ತಾ ಹೂಂ. ಪೀಛೆ ಸೇ ಸಬ್ ಧಕ್ಕಾ ದೇತೇ ಹೈಂ."

"ಹಾಂ, ಅಡ್ಡಕ್ಕೆ ನುಗ್ಗುವುದು, ಅಷ್ಟೇ! ಆ ಗೆರೆಯೇ ಲೋಕಲ್ ಡಬ್ಬಿಯ ಬಾಗಿಲು. ಚೆಂಡು ನಿನ್ನ ಟಿಫಿನ್, ಬೀಳಬಾರದು. ಉಳಿದವರೆಲ್ಲ ಹಿಂದಿನಿಂದ ದಬ್ಬಿ. ಇದು ತಪ್ಪಿದರೆ ಇನ್ನು ಗಾಡಿ ಇಲ್ಲ ಮಕ್ಕಳೇ."

ಕಲ್ಯಾಣದವರು ಬಲಿಷ್ಠರು, ನಿಜ. ಆದರೆ ಅವರು ಕಲ್ಯಾಣದಿಂದಲೇ ಹೊರಡುವ ಖಾಲಿ ಲೋಕಲಿನಲ್ಲಿ ಕಿಟಕಿ ಪಕ್ಕ ಕೂತು ಬೆಳೆದವರು. ದಿವಾದ ಧಕ್ಕಾ ಅವರಿಗೆ ಗೊತ್ತಿರಲಿಲ್ಲ. ಕೀರ್ತನ್ ಅಡ್ಡವಾಗಿ ನುಗ್ಗಿದ. ಹಿಂದಿನಿಂದ ಹತ್ತು ಜನ, "ಚಲಾ, ಪುಢೇ ಚಲಾ!" ಎಂದು ಲೋಕಲಿನಲ್ಲಿ ಮುಂದೆ ಮುಂದೆ ಎನ್ನುವಂತೆ ಕೂಗುತ್ತ ದಬ್ಬಿದರು. ಇಡೀ ಗುಂಪು ಒಂದು ಕ್ಷಣ ಅಲುಗಲಿಲ್ಲ, ಆಮೇಲೆ ಒಟ್ಟಿಗೆ ಮಗುಚಿತು. ರೆಫರಿಗಳು ಒಬ್ಬೊಬ್ಬರನ್ನೇ ಎತ್ತಿ ನೋಡಿದರೆ ಕೀರ್ತನ್ ಗೆರೆಯ ಆಚೆ ಬಿದ್ದಿದ್ದ. ಚೆಂಡು ಎದೆಯಲ್ಲಿತ್ತು. 6-0!

ಟಚ್‌ಡೌನಿನ ನಂತರ ಚೆಂಡು ಒದ್ದು ಇನ್ನೊಂದು ಅಂಕ ಪಡೆಯುವ ಅವಕಾಶವೊಂದಿದೆ. ಆರು ಪಂದ್ಯದಲ್ಲಿ ಅದರ ಅಗತ್ಯ ಬೀಳದ್ದರಿಂದ ಲೀಲಾಧರ ಆ ಅಧ್ಯಾಯ ಓದಿರಲೇ ಇಲ್ಲ. ಚೆಂಡನ್ನು ಯಾರೋ ಪೇಡೆಯ ಡಬ್ಬಿಯ ಕಡೆಗೆ ಒದ್ದರು. ಆಟ ಮುಗಿಯಿತು. ವಸಂತಿ ಅಕ್ಕ ಅತ್ತರು, ಕಾಕಾ ಎಲ್ಲರ ಕಾಲಿಗೂ ಬಿದ್ದರು, ಜಯಲತಾ ಎಲ್ಲರೆದುರು ಗಂಡನ ಕೈ ಹಿಡಿದಳು. ಹದಿನಾಲ್ಕು ವರ್ಷದ ಸಂಸಾರದಲ್ಲಿ ಅದು ಮೊದಲು.

ಆಚೆ ಬೆಂಚಿನ ಮೇಲೆ ಸುಮುಖ ಒಬ್ಬನೇ ಕೂತಿದ್ದ. ಅವನ ಮೊಬೈಲು ಬಡಿದುಕೊಂಡಿತು. ಕಿವಿಗೆ ಹಿಡಿದ, "ಓಕೆ ಸಾರ್" ಎಂದ, ಕಿಸೆಗೆ ಹಾಕಿದ. ಅಷ್ಟೇ. ಅಂದು ನಗುತ್ತ ಹೇಳಿದ್ದನ್ನು ಅವನ ಕಾಲೇಜಿನವರು ಈಗ ನಗದೆ ಹೇಳಿದ್ದರು.

ಲೀಲಾಧರನಿಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಯಾರದೋ ಮನೆಯ ಅನ್ನ ಎತ್ತಿಕೊಂಡು ಬಂದ ಹಾಗಾಯಿತು. ಹುಡುಗನನ್ನು ಎಬ್ಬಿಸಿ ರಸ್ತೆಬದಿಯ ಅಂಗಡಿಗೆ ಕರೆದುಕೊಂಡು ಹೋದ. ಅರ್ಧ ಗ್ಲಾಸಿನ ಕಟಿಂಗ್ ಚಹಾ, ಎರಡು ವಡಾಪಾವ್ ಹೇಳಿದ. ಅಭಿಮಾನಿ ಬಳಗವೂ ಹಿಂದೆಯೇ ಬಂತು.

"ತಿನ್ನಿ ಮಾರಾಯ್ರೆ. ನಿಮಗೆ ಸರ್ಟಿಫಿಕೇಟು ಉಂಟು, ಸಣ್ಣ ಪ್ರಾಯ. ಎಲ್ಲಿಯಾದರೂ ಆಗ್ತದೆ."

"ಈ ಆಟಕ್ಕೆ ಯಾರ್ ಕೆಲಸ ಕೊಡ್ತಾರೆ ಸಾರ್" ಎನ್ನುತ್ತ ಸುಮುಖ ವಡಾಪಾವ್ ಕಚ್ಚಿದ.

ಅಷ್ಟರಲ್ಲಿ ಲೀಲಾಧರನ ಫೋನು. ಜಾನಕಿ ಮೇಡಂ! ಅವನದು ಹಳೆಯ ಫೋನು, ಅದರ ಸ್ವರ ಅಂಗಡಿಗೆಲ್ಲ ಕೇಳುತ್ತಿತ್ತು.

"ಕಂಗ್ರಾಚುಲೇಷನ್ಸ್ ಲೀಲಾಧರ್! ಟ್ರಸ್ಟಿಗಳು ಕುಣೀತಿದಾರೆ ಕಣ್ರೀ. ಅಮೆರಿಕನ್ ಫುಟ್‌ಬಾಲ್‌ಗೆ ಅಂತ್ಲೇ ಒಂದು ಖಾಯಂ ಪೋಸ್ಟ್ ಮಾಡ್ಬಿಟ್ರು!"

ವಸಂತಿ ಅಕ್ಕ ಪೇಡೆಯನ್ನು ಅವನ ಬಾಯಿಗೆ ತುರುಕಿದರು.

"ಖಾಯಂ ಅಂದ್ಮೇಲೆ ರೂಲ್ಸ್ ನೋಡ್ಬೇಕಲ್ರೀ. ಈ ಆಟದ್ದೇ ಸರ್ಟಿಫಿಕೇಟ್ ಇರ್ಬೇಕಂತೆ. ನಿಮ್ಮದು ಕಬಡ್ಡಿ. ನಾನು ಎಷ್ಟೋ ಹೇಳ್ದೆ, ಕೇಳ್ಲಿಲ್ಲ. ನೀವೇನೂ ಯೋಚ್ನೆ ಮಾಡ್ಬೇಡಿ, ಜೂನ್‌ನಲ್ಲಿ ಯಥಾಪ್ರಕಾರ ಹನ್ನೊಂದು ತಿಂಗಳ ಆರ್ಡರ್ ಕೊಡ್ತೀವಿ. ಅವರ ಕೈಕೆಳಗೆ."

ಲೀಲಾಧರ ಪೇಡೆ ನುಂಗಿದ. "ಯಾರ ಕೈಕೆಳಗೆ ಮೇಡಂ?"

"ಅದನ್ನೇ ಕೇಳೋಣ ಅಂತ ಫೋನ್ ಮಾಡ್ದೆ. ಇಂಥೋರು ನಮ್ಮ ಕಡೆ ಎಲ್ಲಿ ಸಿಗ್ತಾರೆ? ನಿಮಗೆ ಗೊತ್ತಿರೋರು ಯಾರಾದ್ರೂ ಇದ್ದಾರೇನ್ರೀ?"

ವಸಂತಿ ಅಕ್ಕ ಎರಡೂ ಕೈ ಬೀಸಿ ಇಲ್ಲವೆನ್ನಿ, ಇಲ್ಲವೆನ್ನಿ ಎಂದು ಸನ್ನೆ ಮಾಡಿದರು. ಕಾಕಾ ದೇವರನ್ನು ನೆನೆದರು. ಸುಮುಖ ತುಂಬಿದ ಬಾಯಲ್ಲಿ ಅಗಿಯುವುದನ್ನು ಮರೆತು ರಸ್ತೆಯ ಕಡೆ ನೋಡುತ್ತಿದ್ದ. ಇಲ್ಲ ಎನ್ನಲು ಎಷ್ಟು ಹೊತ್ತು ಬೇಕು? ಲೀಲಾಧರ ಹೆಂಡತಿಯ ಮುಖ ನೋಡಿದ. ಜಯಲತಾಳಿಗೆ ಗಂಡನ ಸಂಗತಿ ಗೊತ್ತು. ಅವಳು ನಿಟ್ಟುಸಿರು ಬಿಟ್ಟು ಪೇಡೆಯ ಡಬ್ಬಿಯ ಮುಚ್ಚಳ ಹಾಕಿದಳು.

"ಇದ್ದಾರೆ ಮೇಡಂ" ಎಂದ ಲೀಲಾಧರ. "ಒಂದು ನಿಮಿಷ ನಿಲ್ಲಿ, ಕೊಡ್ತೇನೆ. ಅವರ ಬಾಯಲ್ಲಿ ವಡಾಪಾವ್ ಉಂಟು."