ಯಲ್ಲಾಪುರ ತಿರುಗಿದ ಬಗ್ಗೆ

ಇಂದಿನವರೆಗೆ ಒಂದೇ ಒಂದು ಸೂರ್ಯಾಸ್ತವನ್ನೂ ನೋಡದ ಮನುಷ್ಯರೊಬ್ಬರು ಯಲ್ಲಾಪುರದಲ್ಲಿದ್ದಾರೆಂಬ ಸಂಗತಿಯನ್ನು ಓದುಗರ ಅವಗಾಹನೆಗೆ ತರಬಯಸುತ್ತೇನೆ. ಅವರ ಕಣ್ಣಿಗೆ ದೋಷವಿಲ್ಲ. ಪ್ರತಿ ಸಂಜೆ ಜಗಲಿಯಲ್ಲಿ ಪಶ್ಚಿಮಕ್ಕೆ ಮುಖಮಾಡಿಯೇ ಕೂರುತ್ತಾರೆ. ಆದರೂ ಸೂರ್ಯ ಮುಳುಗಿದ್ದನ್ನು ಒಪ್ಪುವುದಿಲ್ಲ. ಸದರಿಯವರು ನನ್ನ ಭಾವ, ಅಂದರೆ ಅಕ್ಕನ ಗಂಡ. ಅಕ್ಕ ಕಳೆದ ವರ್ಷ ತೀರಿಕೊಂಡಳು. ಸಿದ್ದಾಪುರದ ಕಚೇರಿಯೊಂದರಲ್ಲಿ ಗುಮಾಸ್ತನಾಗಿ, ಬಾಡಿಗೆ ಕೋಣೆಯಲ್ಲಿ ಒಬ್ಬನೇ ಇರುವ ನನಗೆ ನನ್ನವರೆಂದು ಉಳಿದವರು ಅವರೊಬ್ಬರೇ. ಅಕ್ಕ ಇಲ್ಲದ ಮೇಲೂ ಅವರು ನನಗೆ ಭಾವನಾಗಿ ಮುಂದುವರಿಯುತ್ತಾರೆಯೇ ಎಂಬುದು ಮಾತ್ರ ಬಹುಕಾಲ ಇತ್ಯರ್ಥವಾಗದೆ ಉಳಿದಿತ್ತು. ಕಚೇರಿಯ ಪತ್ರಗಳ ಹೊರತು ಬೇರೇನನ್ನೂ ಬರೆದು ಅಭ್ಯಾಸವಿಲ್ಲದ ಕಾರಣ ಲೋಪದೋಷಗಳನ್ನು ಮನ್ನಿಸಬೇಕಾಗಿ ವಿನಂತಿ.

ಭಾವ ಶಿರಸಿ–ಯಲ್ಲಾಪುರ ದಾರಿಯಲ್ಲಿ ಬಸ್ಸು ಓಡಿಸಿ ನಿವೃತ್ತರಾದವರು. ಖಗೋಳಶಾಸ್ತ್ರವನ್ನು ಅವರು ಅಭ್ಯಾಸ ಮಾಡಿದ್ದು ಸ್ಟೇರಿಂಗಿನ ಹಿಂದೆ ಕುಳಿತು. ಒಮ್ಮೆ ಮುಂದಿನ ಸೀಟಿನಲ್ಲಿದ್ದ ವಾನಳ್ಳಿಯ ಅಜ್ಜಿಯೊಬ್ಬರು, ಮರಗಳೆಲ್ಲ ಹಿಂದಕ್ಕೆ ಓಡುವುದನ್ನು ನೋಡಿ ತಲೆಸುತ್ತು ಬರುತ್ತದೆ ಎಂದರಂತೆ.

"ಮರ ಓಡ್ತಿಲ್ಲೆ ಅಜ್ಜಿ, ಓಡ್ತಾ ಇಪ್ಪದು ಬಸ್ಸು," ಎಂದು ಭಾವ ಆರಂಭಿಸಿದರು. "ಸೂರ್ಯ, ಚಂದ್ರ, ನಕ್ಷತ್ರನೂ ಹಾಂಗೇಯ. ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗ್ತು. ಅದ್ಕೇ ಅವು ಪೂರ್ವದಿಂದ ಪಶ್ಚಿಮಕ್ಕೆ ಹೋದಾಂಗೆ ಕಾಣ್ತು."

"ತಿರುಗಿದ್ರೆ ನಂಗಕ್ಕೆ ಎಂತಕ್ಕೆ ಗೊತ್ತಾಗ್ತಿಲ್ಲೆ?"

"ಅದ್ರ ಡ್ರೈವರ್ ಬ್ರೇಕ್ ಹಾಕ್ತ್ನಿಲ್ಲೆ, ಹೊಂಡಕ್ಕೂ ಇಳಿಸ್ತ್ನಿಲ್ಲೆ."

"ಹಾಂಗಾರೆ ಅವ್ನನ್ನೇ ಈ ರೂಟಿಗೆ ಹಾಕಕಾಗಿತ್ತು," ಎಂದು ಅಜ್ಜಿ ಕಣ್ಣು ಮುಚ್ಚಿಕೊಂಡರಂತೆ.

ಮನೆಯಲ್ಲಿ ಈ ಸಂಬಂಧ ಒಂದು ಆದೇಶವೇ ಜಾರಿಯಲ್ಲಿತ್ತು. ನಮ್ಮ ಕಡೆ ಸೂರ್ಯನಿಗೂ ಹೊತ್ತು ಎನ್ನುವುದು ವಾಡಿಕೆ. ಅಕ್ಕ ದೀಪ ಹಚ್ಚಲು ಏಳುತ್ತ "ಹೊತ್ತು ಮುಳುಗ್ತು" ಅಂದರೆ ಸಾಕು, ಭಾವ ತಿದ್ದುಪಡಿ ಹೊರಡಿಸುತ್ತಿದ್ದರು: "ಯಲ್ಲಾಪುರ ತಿರುಗ್ತು ಹೇಳು." ವಾದಿಸಿ ದಣಿದ ಅಕ್ಕ ಕೊನೆಗೆ ಹಾಗೆಯೇ ಹೇಳುವುದನ್ನು ರೂಢಿಸಿಕೊಂಡಳು. ಒಂದು ಸಂಜೆ ಫೋನಿನಲ್ಲಿ, "ತಮ್ಮಾ, ಯಲ್ಲಾಪುರ ತಿರುಗ್ತಾ ಇದ್ದು, ಇಡ್ತೆ" ಎಂದು ಇಟ್ಟೇಬಿಟ್ಟಳು. ಮರಳಿ ಕರೆ ಮಾಡಿದರೆ ಎತ್ತಲಿಲ್ಲ. ಸದರಿ ಆದೇಶ ಇನ್ನೂ ಗಮನಕ್ಕೆ ಬಂದಿರದ ನಾನು, ಊರೇ ತಿರುಗುವಷ್ಟು ತಲೆ ಸುತ್ತಿರಬೇಕೆಂದು ಮರುದಿನ ರಜೆ ಹಾಕಿ, ಶಿರಸಿಯಲ್ಲಿ ಬಸ್ಸು ಬದಲಿಸಿ ಧಾವಿಸಿದೆ. ಅಕ್ಕ ನಿಶ್ಚಿಂತೆಯಿಂದ ತೆಳ್ಳೇವು ದೋಸೆ ಎರೆಯುತ್ತಿದ್ದಳು.

"ನಿನ್ನ ಭಾವನ ಭೂಮಿಗಿಂತ ನೀನೇ ಜೋರು ತಿರುಗ್ತೆ," ಎಂದು ನಕ್ಕು ಕಾವಲಿಯಿಂದ ಒಂದನ್ನು ನನ್ನ ತಟ್ಟೆಗೆ ಹಾಕಿದಳು.

ಆತುರದಲ್ಲಿ ನಾನು ರಜೆಯ ಅರ್ಜಿಯಲ್ಲಿ 'ಅಕ್ಕನಿಗೆ ಯಲ್ಲಾಪುರ ತಿರುಗಿದ ಪ್ರಯುಕ್ತ' ಎಂದು ಕಾರಣ ನಮೂದಿಸಿದ್ದೆ. ಸದರಿ ಕಾಯಿಲೆಯ ಬಗ್ಗೆ ಸಾಹೇಬರು ವಿವರಣೆ ಕೇಳಿದ್ದರು. ಏನೆಂದು ಬರೆಯುವುದು? ಇಂದಿಗೂ ಸಲ್ಲಿಸಿಲ್ಲ.

ನಕ್ಷತ್ರಗಳ ವಿಷಯಕ್ಕೆ ಭಾವ ತಮ್ಮ ಕಪ್ಪು ಕೊಡೆಯನ್ನೇ ಆಕಾಶವೆಂದು ಘೋಷಿಸಿದರು. ಅದರ ಒಳಮೈಗೆ ಅಕ್ಕನ ಸ್ಟಿಕರ್ ಬೊಟ್ಟುಗಳನ್ನೆಲ್ಲ ಅಂಟಿಸಿ, ತುದಿಯನ್ನು ಉತ್ತರಕ್ಕೆ ಓರೆಯಾಗಿಸಿ, ನಮ್ಮಿಬ್ಬರನ್ನೂ ಅಡಿಯಲ್ಲಿ ನಿಲ್ಲಿಸಿ ಮೆಲ್ಲಗೆ ತಿರುಗಿಸಿದರು. ಬೊಟ್ಟುಗಳೆಲ್ಲ ಸುತ್ತು ಹಾಕಿದವು. ನಡುವಿನ ಕೋಲಿಗೆ ಒತ್ತಿಕೊಂಡಿದ್ದ ಒಂದು ಬೊಟ್ಟು ಮಾತ್ರ ಕದಲಿದಂತೆ ಕಾಣಲಿಲ್ಲ.

"ಧ್ರುವ ಇಪ್ಪಲ್ಲೇ ಇದ್ದ, ಕಂಡ್ಯಾ?"

"ಆ ಧ್ರುವನ್ನಾದ್ರೂ ವಾಪಸ್ ಕೊಡಿ. ನಾಳೆ ಮದುವೆಗೆ ಹೋಪದಿದ್ದು," ಎಂದಳು ಅಕ್ಕ.

ಮರುದಿನ ಅವಳು ಧ್ರುವನನ್ನು ಹಣೆಗಿಟ್ಟುಕೊಂಡೇ ಮದುವೆಗೆ ಬಂದಳು. ಅಷ್ಟು ದೊಡ್ಡ ಚಪ್ಪರದಲ್ಲಿ ಭಾವನೂ ನಾನೂ ದಿನವಿಡೀ ಅವಳ ಆಸುಪಾಸಿನಲ್ಲೇ ಸುಳಿದಾಡಿದೆವು. ಬೇರೆ ಯಾರ ಪರಿಚಯವೂ ನಮಗೆ ಅಷ್ಟಾಗಿ ಇರಲಿಲ್ಲ.

ಅಕ್ಕನ ಕಾರ್ಯಗಳನ್ನೆಲ್ಲ ಮುಗಿಸಿ ಸಿದ್ದಾಪುರಕ್ಕೆ ಮರಳಿದ ನಾನು ಮೂರು ತಿಂಗಳು ಯಲ್ಲಾಪುರದ ಕಡೆ ಹೋಗಲಿಲ್ಲ. ಯಾವ ಆಧಾರದ ಮೇಲೆ ಹೋಗುವುದು? ಭಾವನಿಂದ ಕರೆಯೂ ಬರಲಿಲ್ಲ. ಆ ಮನೆ ದಿನದಿಂದ ದಿನಕ್ಕೆ ನನ್ನಿಂದ ದೂರ ಸರಿಯುತ್ತಿದೆ ಎಂದೇ ಕಾಣುತ್ತಿತ್ತು. ಕೂಲಂಕಷವಾಗಿ ಪರಿಶೀಲಿಸಲಾಗಿ, ಮನೆ ಇದ್ದಲ್ಲೇ ಇತ್ತು, ಸರಿದವನು ನಾನು. ಕೋಣೆಯ ಕಿಟಕಿಯಾಚೆ ಸಿದ್ದಾಪುರವೂ ಪ್ರತಿ ಸಂಜೆ ತಿರುಗುತ್ತಿತ್ತು. ಹಾಗೆಂದು ಹೇಳಿಕೊಳ್ಳಲು ನನ್ನ ಬಳಿ ಯಾರೂ ಇರಲಿಲ್ಲ.

ಕೊನೆಗೊಂದು ಭಾನುವಾರ ಹೊರಟೇಬಿಟ್ಟೆ. ಭಾವ ಜಗಲಿಯಲ್ಲಿದ್ದರು. ಬಹಳ ಇಳಿದುಹೋಗಿದ್ದರು.

"ಇಲ್ಲಿ ಕಚೇರಿ ಕೆಲಸ ಇತ್ತು, ಹಾಂಗೇ ಬಂದಿ," ಎಂದೆ.

"ಆಯ್ತವಾರ?"

ಅವರು ಪಕ್ಕದ ಜಾಗವನ್ನು ಕೈಯಿಂದ ಒರೆಸಿದರು. ಕುಳಿತೆ.

"ನೀ ಇನ್ನು ಬತ್ತ್ಯಿಲ್ಲೆ ಅಂದ್ಕಂಡಿದ್ದಿ," ಎಂದರು.

"ಒಂದು ಫೋನಾದ್ರೂ ಮಾಡಕಾಗಿತ್ತು."

"ಎಂತ ಹೇಳಿ ಮಾಡದು?" ಎಂದರು ಭಾವ. "ಇಷ್ಟು ವರ್ಷ ಫೋನಲ್ಲಿ ನಿನ್ನ ಹತ್ರ ಹೇಳಿದ್ದು ಒಂದೇ ಮಾತು. 'ತಡಿ, ಅಕ್ಕಂಗೆ ಕೊಡ್ತೆ.' ಈಗ ಕೊಡಲೆ ನಿನ್ನ ಅಕ್ಕನೇ ಇಲ್ಲೆ."

"'ಭಾವ ಮಾತಾಡ್ತಾ ಇಪ್ಪದು' ಹೇಳು, ಸಾಕು," ಎಂದೆ.

ಅವರು ಎದ್ದು ಒಳಗೆ ಹೋದರು. ಅಕ್ಕಿ ತೊಳೆಯುವ ಸಪ್ಪಳ ಕೇಳಿಸಿತು. ಇಬ್ಬರ ಅನ್ನದ ಅಕ್ಕಿಗೆ ಅಷ್ಟು ಸಲ ನೀರು ಬದಲಿಸುವ ಅಗತ್ಯವಿರಲಿಲ್ಲ. ನಾನು ಒಳಗೆ ಹೋಗಿ ವಿಚಾರಿಸಲಿಲ್ಲ.