ಕೆಲಸ ಬಿಡಲು ಕೆಲಸಕ್ಕೆ ಸೇರಿದ ಅತ್ತೆ

ನಮ್ಮತ್ತೆ ಶ್ರೀಮಂತೆ. ನೋಡಿದವರು ಯಾರೂ ನಂಬುವುದಿಲ್ಲ; ನಂಬಬಾರದೆಂದೇ ಆಕೆ ಹಾಗಿರುವುದು! ಅಂಚು ಹರಿದ ಸೀರೆಯನ್ನು ತಿರುಗಿಸಿ ಉಟ್ಟು, ಒಂದು ಕಾಲಿಗೆ ನೀಲಿ ಬಾರಿನ ಚಪ್ಪಲಿ, ಇನ್ನೊಂದಕ್ಕೆ ಬಿಳಿ ಬಾರಿನದು ಮೆಟ್ಟಿಕೊಂಡು ರಾಮನಗರದ ಪೇಟೆಯಲ್ಲಿ ಹೊರಟಳೆಂದರೆ ಗುರುತಿಲ್ಲದವರು "ಅಯ್ಯೋ ಪಾಪ" ಎಂದು ದಾರಿ ಬಿಡುತ್ತಾರೆ. "ಅದೇನತ್ತೆ, ಒಂದೊಂದು ಕಾಲಿಗೆ ಒಂದೊಂದು ಬಣ್ಣ?" ಎಂದು ಒಮ್ಮೆ ಕೇಳಿದೆ.

"ಎರಡು ಜೊತೆ ಇತ್ತು ಕಣ್ಲಾ. ಅದ್ರಲ್ಲಿ ಎಡದ್ದು ಸವೆದೋಯ್ತು, ಇದ್ರಲ್ಲಿ ಬಲದ್ದು ಸವೆದೋಯ್ತು. ಉಳಿದವು ಗಟ್ಟಿಮುಟ್ಟಾಗವೆ. ಕಾಲಿಗೇನು ಕಣ್ಣೈತಾ, ಬಣ್ಣ ನೋಡಾಕೆ?"

ಏನು ಹೇಳುತ್ತೀರಿ?

ಆಕೆ ನಮ್ಮಪ್ಪನ ತಂಗಿ. ಮದುವೆಯಾದ ಮೂರೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತಿಪ್ಪಸಂದ್ರದ ನಮ್ಮ ಮನೆಗೆ ಬಂದು ಒಂದಷ್ಟು ಕಾಲ ಇದ್ದಳು. ಹಿಟ್ಟಿಗೆ ಕೊರತೆಯಿರಲಿಲ್ಲ. ಆದರೆ ತಲೆಗೆ ಎಣ್ಣೆ ಬೇಕೆಂದರೂ ಆಕೆ ನಮ್ಮಪ್ಪನ ಮುಖ ನೋಡಬೇಕು, ನಮ್ಮಪ್ಪ ನಮ್ಮಮ್ಮನ ಮುಖ ನೋಡಬೇಕು. ಕೊನೆಗೊಂದು ದಿನ ಬಟ್ಟೆ ಗಂಟು ಕಟ್ಟಿಕೊಂಡು ರಾಮನಗರಕ್ಕೆ ಬಂದವಳೇ ಫಿಲೇಚರ್ ಸೇರಿಕೊಂಡಳು. ರೇಷ್ಮೆ ಗೂಡು ಬೇಯಿಸಿ ನೂಲು ತೆಗೆಯುವ ಜಾಗ ಅದು. ಬೆಳಗಿನಿಂದ ಸಂಜೆಯ ತನಕ ಕೈ ಬಿಸಿನೀರಿನಲ್ಲಿ. ಅಲ್ಲಿ ಕೂತ ಮೊದಲ ದಿನವೇ ಅತ್ತೆ ಒಂದು ತೀರ್ಮಾನ ಮಾಡಿದಳಂತೆ: ಐವತ್ತು ತುಂಬುವುದರೊಳಗೆ ಕೂತು ಉಣ್ಣುವಷ್ಟು ಮಾಡಿಕೊಳ್ಳಬೇಕು, ಆಮೇಲೆ ಒಂದು ದಿನ ಮಾಲೀಕರಾದ ಸಾಹೇಬರ ಮುಂದೆ ನೆಟ್ಟಗೆ ನಿಂತು "ನಾಳಿಂದ ನಾನು ಬರಾಕಿಲ್ಲ" ಅನ್ನಬೇಕು. ಇದೊಂದು ಮಾತನ್ನು ಆಡುವುದಕ್ಕೆ ಆಕೆ ಇಪ್ಪತ್ತು ವರ್ಷ ಜೀವ ಹಿಡಿದುಕೊಂಡು ಕಾಸು ಉಳಿಸಿದಳು.

ಉಳಿಸಿದಳು ಅಂದರೆ ಹೇಗೆ! ಸ್ನಾನದ ನೀರಿಗೆ ಸೌದೆ ಕೊಂಡರೆ ದಂಡ ಎಂದು ಭಾನುವಾರ ಭಾನುವಾರ ಚನ್ನಪಟ್ಟಣಕ್ಕೆ ಹೋಗಿ, ಬೊಂಬೆ ಕಡೆಯುವವರ ಅಂಗಳದಲ್ಲಿ ಬಿದ್ದ ಮರದ ಹೊಟ್ಟನ್ನು ಗೋಣಿಚೀಲಕ್ಕೆ ತುಂಬಿಕೊಂಡು ಬರುತ್ತಿದ್ದಳು. ಕೆಂಪು, ಹಳದಿ, ಹಸಿರು ಅರಗು ಹತ್ತಿದ ಹೊಟ್ಟು. ಆಕೆಯ ಹಂಡೆ ಒಲೆಯ ಮುಂದೆ ಕೂತರೆ ಹೋಳಿ ಹಬ್ಬಕ್ಕೇ ಬೆಂಕಿ ಬಿದ್ದ ಹಾಗಿರುತ್ತಿತ್ತು. ಇದನ್ನು ನೋಡಿ ನಾಲ್ಕು ಜನ ಹೊಟ್ಟಿಗೆ ಬರತೊಡಗಿದ ಮೇಲೆ ಬೊಂಬೆಯವನು ಚೀಲಕ್ಕಿಷ್ಟು ಎಂದು ಕಾಸು ಕೇಳಿದ. ಅತ್ತೆ ಚೀಲ ಕೆಳಗಿಟ್ಟಳು.

"ಆಯ್ತು ಕಣಪ್ಪ, ಕೊಡ್ತೀನಿ. ಆದ್ರೆ ಆರು ವರ್ಷದಿಂದ ನಿನ್ನ ಅಂಗಳ ಗುಡಿಸ್ಕೊಂಡು ಹೋಗಿವ್ನಿ. ಮೊದ್ಲು ಆ ಕೂಲಿ ಕೊಟ್ಬುಡು."

ಆತ ತಾನೇ ಚೀಲವನ್ನು ಎತ್ತಿ ಆಕೆಯ ತಲೆಯ ಮೇಲಿಟ್ಟು ಕಳಿಸಿದನಂತೆ.

ದೇವರನ್ನಾದರೂ ಬಿಟ್ಟಳೇ? ಶನಿವಾರ ಕೆಂಗಲ್ ಆಂಜನೇಯನ ದರ್ಶನ ತಪ್ಪಿಸುತ್ತಿರಲಿಲ್ಲ. ಹಾಗೆಂದು ಬಸ್ಸನ್ನೂ ಹತ್ತುತ್ತಿರಲಿಲ್ಲ. ರಾಮನಗರದಿಂದ ಕೆಂಗಲ್‌ಗೆ ನಡೆದೇ ಹೋಗುವಳು. ಒಮ್ಮೆ ಜೊತೆಗೆ ಹೋಗುವ ಬುದ್ಧಿ ನನಗೆ ಬಂತು. ರಸ್ತೆ ಅಗಲ ಮಾಡುತ್ತಿದ್ದ ಕಾಲ, ಮೈಯೆಲ್ಲ ಧೂಳು, ಕಾಲೆಲ್ಲ ಬೊಬ್ಬೆ. ಗುಡಿಯಲ್ಲಿ ಅತ್ತೆ ಕಣ್ಣು ಮುಚ್ಚಿ ನಿಂತು ದೇವರ ಹತ್ತಿರ ಜೋರಾಗಿಯೇ ಮಾತಾಡಿದಳು: "ಸ್ವಾಮಿ, ಬಸ್ ಚಾರ್ಜು ಉಳಿಸಿವ್ನಿ. ಅರ್ಧ ನಿಂಗೆ, ಅರ್ಧ ನಂಗೆ. ನಡ್ದಿದ್ದು ನಾನೊಬ್ಳೇ ಆದ್ರೂ ಸಮ ಮಾಡಿವ್ನಿ, ನೆನಪಿರ್ಲಿ!" ಪೂಜಾರರು ನಗು ತಡೆಯಲಾಗದೆ ತೀರ್ಥವನ್ನು ನನ್ನ ಅಂಗಿಯ ಮೇಲೆ ಚೆಲ್ಲಿದರು.

ಹೀಗೆ ಕೂಡಿಟ್ಟಿದ್ದರಲ್ಲಿ ಊರಾಚೆ ಒಂದು ಸಣ್ಣ ಸೈಟು ಕೊಂಡು, ಹಿಂಭಾಗದಲ್ಲಿ ತಾನಿರಲು ಒಂದು ಗೂಡು, ಮುಂದೆ ಬಾಡಿಗೆಗೆ ಎರಡು ರೂಮು ಎತ್ತಿಸಿದಳು. ಆಗ ಬಿಡದಿ ಕಡೆ, ಹಾರೋಹಳ್ಳಿ ಕಡೆ ಫ್ಯಾಕ್ಟರಿಗಳು ಏಳುತ್ತಿದ್ದವು. ಎಲ್ಲೆಲ್ಲಿಂದಲೋ ಬಂದ ಹುಡುಗರು ರೂಮು ರೂಮು ಎಂದು ಅಲೆಯುತ್ತಿದ್ದರು. ಅತ್ತೆಯ ಲೆಕ್ಕಾಚಾರ ಸರಿಯಾಗಿಯೇ ಇತ್ತು. ಎಡವಟ್ಟಾದದ್ದು ಬಾಗಿಲಿನಲ್ಲಿ. ರಸ್ತೆ ಅಗಲ ಮಾಡಲು ಕೆಡವಿದ ಯಾವುದೋ ಹಳೇ ಮನೆಯ ಬಾಗಿಲುಗಳನ್ನು ಅಗ್ಗಕ್ಕೆ ತಂದಿದ್ದಳು. ಹಳೇ ಕಾಲದ ಗಟ್ಟಿ ಮರ, ಹಿತ್ತಾಳೆ ಚಿಲಕ, ಎಲ್ಲ ಸೊಗಸು. ಆದರೆ ಎತ್ತರ ನನ್ನ ಗದ್ದದ ತನಕ ಮಾತ್ರ! ಮೊದಲು ಬಂದ ಬಾಡಿಗೆಯವನು ಉತ್ತರದ ಕಡೆಯ ಉದ್ದನೆಯ ಆಸಾಮಿ. ವಾರದಲ್ಲಿ ಮೂರು ಸಲ ಹಣೆ ಒಡೆದುಕೊಂಡು, ನಾಲ್ಕನೇ ಸಲಕ್ಕೆ ಗಂಟುಮೂಟೆ ಕಟ್ಟಿದ.

ಬಾಗಿಲು ಬದಲಾಯಿಸುವುದು ದುಬಾರಿ, ಬಾಡಿಗೆಯವರನ್ನು ಬದಲಾಯಿಸುವುದು ಪುಕ್ಕಟೆ. ಅಂದಿನಿಂದ ಯಾರೇ ಬರಲಿ, "ಮೊದ್ಲು ಒಳಿಕ್ಕೋಗಿ ಬಾರಪ್ಪ, ಆಮೇಲೆ ಬಾಡಿಗೆ ಮಾತು" ಅನ್ನುತ್ತಿದ್ದಳು. ತಲೆ ತಾಗದವನಿಗೆ ರೂಮು. ಅಂತೂ ಇಬ್ಬರು ಕುಳ್ಳರು ಸಿಕ್ಕಿ ಎರಡೂ ರೂಮು ತುಂಬಿದವು. "ಕುಳ್ಳರೇ ವಾಸಿ ಕಣ್ಲಾ. ಸ್ನಾನಕ್ಕೆ ನೀರು ಕಮ್ಮಿ ಖರ್ಚು" ಎಂದು ನನಗೆ ಗುಟ್ಟಾಗಿ ಹೇಳಿದಳು.

ಬಾಡಿಗೆ ಬರತೊಡಗಿತು, ಐವತ್ತು ತುಂಬಲು ಇನ್ನು ಕೆಲವೇ ತಿಂಗಳು. ಯುಗಾದಿ ಕಳೆದ ಮಾರನೇ ದಿನ ಸಾಹೇಬರಿಗೆ ಆ ಮಾತು ಹೇಳುವುದೆಂದು ನಿಶ್ಚಯವಾಯಿತು. ಅದಕ್ಕೆಂದೇ ಹೊಸ ಸೀರೆ ಕೊಂಡಳು. ಅಲ್ಲ ಸ್ವಾಮಿ, ನಮ್ಮತ್ತೆ ಹೊಸ ಸೀರೆ ಕೊಂಡಳು ಎಂದರೆ ನಿಮಗೆ ಅರ್ಥವಾಗಬೇಕು!

ಕಾಲ ಮಾತ್ರ ಕೆಟ್ಟಿತ್ತು. ಎಲ್ಲೋ ದೂರದೇಶದಲ್ಲಿ ಬ್ಯಾಂಕುಗಳು ಮುಳುಗುತ್ತಿವೆ ಎಂದು ಸುದ್ದಿ. ಕನಕಪುರದಲ್ಲಿ ನಾನು ಲೆಕ್ಕ ಬರೆಯುತ್ತಿದ್ದ ಗ್ರಾನೈಟ್ ಕಾರ್ಖಾನೆಯಲ್ಲಿ ಅರ್ಧ ಸಂಬಳ. ರೇಷ್ಮೆಯ ಕಥೆಯಂತೂ ಕೇಳುವುದೇ ಬೇಡ, ಹೊರದೇಶದ ನೂಲು ಬಂದು ಫಿಲೇಚರ್‌ಗಳು ಒಂದೊಂದೇ ಬಾಗಿಲು ಹಾಕುತ್ತಿದ್ದವು. ಯುಗಾದಿಗೆ ಎರಡು ವಾರವಿರುವಾಗ ಸಾಹೇಬರು ಎಲ್ಲರನ್ನೂ ಕರೆದು, ಕಣ್ಣಲ್ಲಿ ನೀರು ತಂದುಕೊಂಡು ಹೇಳಿದರಂತೆ: "ನಡೆಸೋಕೆ ಆಗ್ತಿಲ್ಲಮ್ಮ. ನಾಳೆಯಿಂದ ಯಾರೂ ಬರಬೇಡಿ."

ಉಳಿದ ಹೆಂಗಸರು ಮುಂದೆ ಹೇಗೆಂದು ಅತ್ತರು. ಅತ್ತೆ ಬಸ್ಸು ಹತ್ತಿ ನೇರ ಕನಕಪುರದ ನಮ್ಮ ಮನೆಗೆ ಬಂದಳು. ಬಸ್ಸು ಹತ್ತಿದ್ದಾಳೆ ಎಂದರೆ ಏನೋ ಅನಾಹುತವಾಗಿದೆ ಎಂದುಕೊಂಡೆ.

"ನೋಡ್ಲಾ, ನಾನು ಅನ್ಬೇಕಾದ ಮಾತ ಅವ್ರೇ ಅಂದ್ಬುಟ್ರು! ಇಪ್ಪತ್ತು ವರ್ಷದಿಂದ ಮಡಿಕ್ಕೊಂಡಿದ್ದೆ!"

"ಹೋಗ್ಲಿ ಬಿಡತ್ತೆ, ಯಾರು ಅಂದ್ರೇನು? ಕೆಲಸ ತಪ್ಪಿತಲ್ಲ. ನಿಂಗೆ ಬೇಕಾಗಿದ್ದೂ ಅದೇ ಅಲ್ವಾ?"

"ಅವ್ರು ಬುಡ್ಸುದ್ದೂ ನಾನು ಬುಟ್ಟಿದ್ದೂ ಒಂದೇ ಏನ್ಲಾ? ಓದ್ದವ್ನು ಅಂತಾರೆ ನಿನ್ನ!"

ಮುಂದಿನ ವಾರ ಅತ್ತೆ ಹಾರೋಹಳ್ಳಿಯ ಒಂದು ಫ್ಯಾಕ್ಟರಿಯ ಪ್ಯಾಕಿಂಗ್ ಕೆಲಸಕ್ಕೆ ಸೇರಿದಳು. ರಾಮನಗರದಿಂದ ಕಂಪನಿ ವ್ಯಾನು, ಮಧ್ಯಾಹ್ನ ಪುಕ್ಕಟೆ ಊಟ. ಯಾಕೆ ಸೇರಿದ್ದು ಅಂತೀರಾ? ಬಿಡುವುದಕ್ಕೆ! ಸೇರಿದ ಮಾರನೇ ದಿನವೇ ಬಿಡಬಹುದಿತ್ತು. ತಿಂಗಳು ತುಂಬದೆ ಬಿಟ್ಟರೆ ಸಂಬಳ ಹಿಡಿಯುತ್ತಾರೆ ಎಂದು ಪೂರ್ತಿ ತಿಂಗಳು ದುಡಿದಳು. ತಿಂಗಳು ತುಂಬಿದ ದಿನ ಹೊಸ ಸೀರೆ ಉಟ್ಟು, ಹೂವು ಮುಡಿದು ಹೋದಳು.

ಅವತ್ತು ನನಗೆ ರಜೆ. ಮಧ್ಯಾಹ್ನದ ಹೊತ್ತಿಗೆ ಅತ್ತೆ ನಮ್ಮ ಜಗಲಿಯ ಮೇಲೆ ಬಂದು ಕೂತಳು. ಹಾರೋಹಳ್ಳಿಯಿಂದ ಬಸ್ಸಿನಲ್ಲಿ ಬಂದಿದ್ದಳು. ವ್ಯಾನು ಹೊರಡುವುದು ಸಂಜೆಗೆ ತಾನೆ.

"ಅಂದ್ಯಾ ಅತ್ತೆ?"

"ಅಂದೆ."

"ಏನಂದ್ರು?"

"ಸೂಪರ್‌ವೈಸರು ಚಿಕ್ಕೋನು. ತಲೇನೂ ಎತ್ತಲಿಲ್ಲ. 'ಆಯ್ತಮ್ಮ, ಗೇಟಲ್ಲಿ ಕಾರ್ಡ್ ಕೊಟ್ಬುಟ್ಟು ಹೋಗಿ' ಅಂದ. ನನ್ ಹೆಸ್ರೂ ಕೇಳ್ಲಿಲ್ಲ."

ನಾನು ಗಟ್ಟಿಯಾಗಿ ನಕ್ಕೆ. ಈಗಲೂ ಆ ನಗುವಿಗೆ ನನಗೆ ನಾಚಿಕೆಯಾಗುತ್ತದೆ. ಅತ್ತೆ ನಗಲಿಲ್ಲ. ನೂಲು ತೆಗೆದು ತೆಗೆದು ಬಿಳಿಚಿಕೊಂಡ ಬೆರಳುಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತಿದ್ದಳು.

"ಇಪ್ಪತ್ತು ವರ್ಷ ಅನ್ಕೊಂಡಿದ್ದೆ ಕಣ್ಲಾ. ನಾನು ಬರಾಕಿಲ್ಲ ಅಂದೇಟ್ಗೆ ಸಾಹೇಬ್ರು ಗಾಬ್ರಿಯಾಗಿ, 'ಯಾಕಮ್ಮ, ನೀನಿಲ್ದೆ ಹೆಂಗೆ, ಒಸಿ ದಿನ ಇರು' ಅಂತಾರೆ. ಆಗ ನಾನು 'ಇಲ್ಲ' ಅನ್ಬೇಕು. ಅಷ್ಟೇಯ ನಂಗೆ ಬೇಕಾಗಿದ್ದು. ತಿಪ್ಪಸಂದ್ರದಿಂದ ಗಂಟು ಹೊತ್ಕೊಂಡು ಹೊಂಟಾಗ್ಲೂ ಹಟ್ಟಿ ಬಾಕ್ಲಲ್ಲಿ ಎಲ್ರೂ ನಿಂತಿದ್ರು. ಒಬ್ರೂ ಇರು ಅನ್ಲಿಲ್ಲ."

ಎಲ್ಲರೂ ಎಂದರೆ ನಮ್ಮಪ್ಪ, ನಮ್ಮಮ್ಮ, ನಾನು. ನಾನು ಚಿಕ್ಕವನು, ನನಗೇನು ಗೊತ್ತಿತ್ತು ಎಂದುಕೊಳ್ಳಬಹುದು. ಆದರೆ ಇರು ಎನ್ನಲು ಎಷ್ಟು ವಯಸ್ಸಾಗಿರಬೇಕು?

ಕಾಫಿ ಕುಡಿದು ಅತ್ತೆ ಮೇಲೆದ್ದಳು. "ರಾಮನಗರದ ಬಸ್ಸು ಬರೋ ಹೊತ್ತಾಯ್ತು. ಬತ್ತೀನಿ."

"ಹೋಗ್ಬೇಡತ್ತೆ, ಇರು," ಎಂದೆ.

ಅತ್ತೆ ನಿಂತಳು. ರಸ್ತೆಯ ಕಡೆ ನೋಡಿದಳು, ನನ್ನ ಕಡೆ ನೋಡಿದಳು. ಇಪ್ಪತ್ತು ವರ್ಷದಿಂದ ಸಿದ್ಧ ಮಾಡಿಟ್ಟುಕೊಂಡಿದ್ದ "ಇಲ್ಲ" ಆಕೆಯ ಬಾಯಿಗೆ ಬರಲೇ ಇಲ್ಲ. ಮೆಲ್ಲಗೆ ಚಪ್ಪಲಿ ಬಿಟ್ಟು ಒಳಗೆ ಬಂದು, ಗೋಡೆಗೊರಗಿ ಕೂತು, ಸೆರಗಿನಿಂದ ಮುಖ ಒರೆಸಿಕೊಂಡಳು.

"ಆಯ್ತು ಬುಡಪ್ಪ, ಇರ್ತೀನಿ. ಇಷ್ಟೊಂದು ಬಲವಂತ ಮಾಡುದ್ರೆ ಹೆಂಗೆ ಹೋಗಾನ?"

ನಾನು ಹೇಳಿದ್ದು ಒಂದೇ ಸಲ.